ಏಳನೇ ಮನೆಯ ಗುಂಡುಕಲ್ಲು

ಮೂವತ್ತೊಂದು ವರ್ಷ ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್ ಆಗಿದ್ದೆ. ಕತ್ತಿನಲ್ಲಿದ್ದ ಸೀಟಿಯನ್ನೂ ಬಾಯಲ್ಲಿದ್ದ ಜೋರನ್ನೂ ನಿವೃತ್ತಿಯ ದಿನ ಶಾಲೆಗೇ ಒಪ್ಪಿಸಿ ಬಂದೆ ಎಂದುಕೊಂಡಿದ್ದೆ. ಒಪ್ಪಿಸಿದ್ದು ಸೀಟಿಯನ್ನು ಮಾತ್ರ ಎಂದು ನನ್ನ ನಾದಿನಿ ಹೇಳುತ್ತಾಳೆ. ಈಗ ನನಗೆ ಅರವತ್ತೆಂಟು. ವಾರಕ್ಕೆ ಐದು ದಿನ ಕಾಫಿ ಮುಗಿಸಿ, ಕ್ಯಾನ್ವಾಸ್ ಶೂ ಏರಿಸಿ, ಚಾಮರಾಜಪೇಟೆಯ ಮನೆಯಿಂದ ಬಸವನಗುಡಿಯ ಪಾರ್ಕಿಗೆ ನಡೆದು ಹೋಗಿ ತಟ್ಟೆ ಎಸೆಯುತ್ತೇನೆ. ಆಟದ ಸರಿಯಾದ ಹೆಸರು ಡಿಸ್ಕ್ ಗಾಲ್ಫ್. ನಮ್ಮ ಯಜಮಾನರಿಗೆ ಅದು ತಟ್ಟೆ ಆಟ. ಮನೆಯಲ್ಲಿ ತಟ್ಟೆ ತೊಳೆಯುವುದು ತಾವು, ಪಾರ್ಕಿನಲ್ಲಿ ಎಸೆಯುವುದು ನಾನು ಎಂದು ಬಂದವರಿಗೆಲ್ಲ ಹೇಳಿ ನಗಿಸುತ್ತಾರೆ.

ಗಾಲ್ಫ್ ಎಂದ ಕೂಡಲೇ ಹೆದರಬೇಕಾಗಿಲ್ಲ. ಇದರಲ್ಲಿ ಕೋಲಿಲ್ಲ, ಚೆಂಡಿಲ್ಲ. ತಿಂಡಿ ತಟ್ಟೆಯಷ್ಟು ಅಗಲದ ಪ್ಲಾಸ್ಟಿಕ್ ಡಿಸ್ಕನ್ನು ಎಸೆಯುವುದು, ಅದು ಬಿದ್ದ ಜಾಗಕ್ಕೆ ನಡೆಯುವುದು, ಅಲ್ಲಿಂದ ಮತ್ತೆ ಎಸೆಯುವುದು. ಗುರಿ ಮುಟ್ಟಿಸಲು ಯಾರಿಗೆ ಕಡಿಮೆ ಎಸೆತ ಬೇಕಾಯಿತೋ ಅವರು ಗೆದ್ದಂತೆ. ಇದನ್ನು ನಮಗೆ ಹತ್ತಿಸಿದವರು ನಮ್ಮ ಶಾಲೆಯಲ್ಲೇ ಭೂಗೋಳ ಹೇಳುತ್ತಿದ್ದ ಮೇಷ್ಟ್ರು. ಗೋಡೆಯ ಭೂಪಟ ಬಿಟ್ಟು ಬೇರೇನನ್ನೂ ಕೈಯಲ್ಲಿ ಹಿಡಿಯದ ಆ ಮನುಷ್ಯ ಎಪ್ಪತ್ತನೆಯ ವಯಸ್ಸಿಗೆ ಯಾವುದೋ ಕಾಲೇಜಿನ ಮೈದಾನದಲ್ಲಿ ಈ ಆಟ ನೋಡಿ, ಮನಸೋತು, ಆರು ಡಿಸ್ಕ್ ಕೊಂಡು ತಂದರು. ಮೂರನೆಯವಳು ನನ್ನ ನಾದಿನಿ, ನನ್ನ ಗಂಡನ ತಂಗಿ. ವಿಶ್ವೇಶ್ವರಪುರಂನಲ್ಲಿದ್ದಾಳೆ. ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತಳಾದವಳು. ಹುಟ್ಟಿದಾಗಿನಿಂದ ಕುಂಟೆಬಿಲ್ಲೆಯನ್ನೂ ಸರಿಯಾಗಿ ಆಡಿದವಳಲ್ಲ.

ಈ ಆಟಕ್ಕೆ ಕಬ್ಬಿಣದ ಬುಟ್ಟಿಗಳನ್ನು ನೆಡಬೇಕಂತೆ. ಪಾರ್ಕಿನಲ್ಲಿ ಅದಕ್ಕೆಲ್ಲ ಬಿಡುವುದಿಲ್ಲ. ಗೇಟಿನ ಬೋರ್ಡಿನಲ್ಲಿ ಕ್ರಿಕೆಟ್ ಆಡಬಾರದು, ಹೂ ಕೀಳಬಾರದು, ನಾಯಿ ತರಬಾರದು ಎಂದಿದೆ. ತಟ್ಟೆ ಎಸೆಯಬಾರದು ಎಂದು ಬರೆಸುವುದು ಯಾರಿಗೂ ಹೊಳೆದಿರಲಿಲ್ಲ. ಹಾಗಾಗಿ ದೀಪದ ಕಂಬ, ಕಲ್ಲುಬೆಂಚು, ಮರದ ಬೊಡ್ಡೆಗಳನ್ನೇ ಗುರಿ ಮಾಡಿಕೊಂಡೆವು. ಒಟ್ಟು ಒಂಬತ್ತು. ಚೌಕಾಬಾರದ ಹಾಗೆ ಅವಕ್ಕೆ ಮನೆ ಎಂದು ಕರೆದೆವು: ಒಂದನೇ ಮನೆ, ಎರಡನೇ ಮನೆ. ಶಾಲೆಯ ಸ್ಪೋರ್ಟ್ಸ್ ದಿನ ಹುಡುಗಿಯರು ಭುಜದಿಂದ ಇಳಿಬಿಡುತ್ತಿದ್ದ ಬಟ್ಟೆಯ ಪಟ್ಟಿಗಳು ಹಳತಾದವು ನನ್ನ ಟ್ರಂಕಿನಲ್ಲಿದ್ದವು. ಕೆಂಪು, ನೀಲಿ, ಹಸಿರು, ಹಳದಿ, ತಂಡಕ್ಕೊಂದು ಬಣ್ಣ. ಅವನ್ನು ತಂದು ಒಂದೊಂದು ಮನೆಗೆ ಕಟ್ಟಿದೆ.

ವಯಸ್ಸಾದವರಿಗೆ ಹೇಳಿ ಮಾಡಿಸಿದ ಆಟ ಇದು. ಓಡುವ ಹಾಗಿಲ್ಲ, ನೆಗೆಯುವ ಹಾಗಿಲ್ಲ. ಬಗ್ಗುವುದೊಂದೇ ಕಷ್ಟ, ಅದಕ್ಕೂ ದಾರಿ ಮಾಡಿಕೊಂಡಿದ್ದೇವೆ. ಮೇಷ್ಟ್ರು ಕೊಡೆಯ ಹಿಡಿಯಿಂದ ಡಿಸ್ಕನ್ನು ಕಾಲಿನವರೆಗೆ ಎಳೆದು, ಶೂ ಮೇಲೆ ನಿಲ್ಲಿಸಿ, ಅರ್ಧ ಬಗ್ಗಿ ಎತ್ತಿಕೊಳ್ಳುತ್ತಾರೆ. ಮರದಲ್ಲಿ ಸಿಕ್ಕಿಕೊಂಡರೆ ಮಾವಿನಕಾಯಿ ಕೀಳುವ ನಮ್ಮ ಮನೆಯ ದೋಟಿ ಇದೆ. ಶುರುವಿನಲ್ಲಿ ಹತ್ತು ನಿಮಿಷ ನಾನು ಎಲ್ಲರ ಕೈಕಾಲು ಆಡಿಸುತ್ತೇನೆ. ನಾಲ್ಕನೇ ಮನೆ ಮುಗಿದ ಮೇಲೆ ಬೆಂಚಿನ ಮೇಲೆ ಕೂತು ಫ್ಲಾಸ್ಕಿನ ಕಾಫಿ. ಒಂಬತ್ತೂ ಮುಗಿಯುವ ಹೊತ್ತಿಗೆ ಬಿಸಿಲು ಏರಿರುತ್ತದೆ, ಹಸಿವಾಗಿರುತ್ತದೆ.

ಇನ್ನೊಂದು ನಿಯಮ ಹೇಳಬೇಕು. ಎಲ್ಲರೂ ಮೊದಲ ಸಲ ಎಸೆದಾದ ಮೇಲೆ, ಗುರಿಯಿಂದ ಯಾರ ತಟ್ಟೆ ಎಲ್ಲಕ್ಕಿಂತ ದೂರ ಉಳಿದಿದೆಯೋ ಅವರೇ ಮೊದಲು ಎಸೆಯಬೇಕು. ಅವರು ಎಸೆಯುವವರೆಗೆ ಮುಂದಿರುವವರು ಕೈ ಎತ್ತುವಂತಿಲ್ಲ. ಮೇಷ್ಟ್ರು ಮೊದಲ ದಿನ ಇದನ್ನು ಓದಿ ಹೇಳಿದಾಗ ನನಗೆ ತಲೆಕೆಳಗಾದ ನಿಯಮ ಅನ್ನಿಸಿತು. ನನ್ನ ಮೈದಾನದಲ್ಲಿ ಮುಂದಿದ್ದವರೇ ಮುಂದೆ. ಚೆಂಡು ಹಿಡಿಯಲಾರದ, ಎಸೆಯಲಾರದ ಹುಡುಗಿಯರನ್ನು ಬೇವಿನ ಮರದ ಕೆಳಗೆ ಕೂರಿಸಿ ಪಾಯಿಂಟ್ ಬರೆಯಲು ಹಚ್ಚುತ್ತಿದ್ದೆ. ಅವರಿಗೂ ಒಂದು ಕೆಲಸ ಕೊಟ್ಟೆನಲ್ಲ ಎಂದು ನನಗೆ ಸಮಾಧಾನವೇ ಇತ್ತು.

ನನ್ನ ಜಂಬವೆಲ್ಲ ಇದ್ದದ್ದು ಏಳನೇ ಮನೆಯಲ್ಲಿ. ಅದೊಂದು ಹೊಂಗೆ ಮರ, ಬೊಡ್ಡೆಗೆ ಹಳದಿ ಪಟ್ಟಿ. ಎಸೆಯುವ ಬಂಡೆಯಿಂದ ಎಂಬತ್ತು ಹೆಜ್ಜೆ ದೂರ, ನಡುವೆ ಒಂದು ತಗ್ಗು. ಹರೆಯದಲ್ಲಿ ಜಿಲ್ಲೆಗೆ ಥ್ರೋಬಾಲ್ ಆಡಿದ ತೋಳು ನನ್ನದು. ಮೊದಲ ವರ್ಷ ಆ ತಗ್ಗನ್ನು ಒಂದೇ ಎಸೆತಕ್ಕೆ ದಾಟಿಸುತ್ತಿದ್ದವಳು ನಾನೊಬ್ಬಳೇ. ಮೇಷ್ಟ್ರಿಗೆ ಎರಡು ಬೇಕಾಗುತ್ತಿತ್ತು. ನಾದಿನಿ ದೋಸೆ ಮಗುಚಿ ಹಾಕಿದ ಹಾಗೆ ಮಣಿಕಟ್ಟು ತಿರುವಿ ಮೂರು ಸಲ ಎಸೆಯುತ್ತಿದ್ದಳು. ನಾನು ಆಚೆ ನಿಂತು ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದೆ.

ಹೋದ ದೀಪಾವಳಿಯ ನಂತರ ನನ್ನ ಬಲ ಭುಜ ಹಿಡಿದುಕೊಂಡಿತು. ಮೊದಮೊದಲು ಅಟ್ಟದ ಮೇಲಿನ ಡಬ್ಬ ತೆಗೆಯುವಾಗ ಚುಳಕ್ ಎನ್ನುತ್ತಿತ್ತು. ಆಮೇಲೆ ತಲೆ ಬಾಚುವುದೇ ಕಷ್ಟವಾಯಿತು. ಡಾಕ್ಟರು ತೋಳಿಗೆ ವ್ಯಾಯಾಮ ಹೇಳಿಕೊಟ್ಟರು. ಆಟ ಬಿಡಬೇಕಾಗಿಲ್ಲ, ಜೋರಾಗಿ ಬೀಸಬೇಡಿ, ಹಗುರವಾದದ್ದನ್ನು ನಿಂತಲ್ಲಿಂದಲೇ ಎಸೆಯಿರಿ ಎಂದರು. ಮೇಷ್ಟ್ರ ಚೀಲದಲ್ಲಿ ಹಗುರ ಡಿಸ್ಕ್ ಇತ್ತು. ಆದರೆ ಅದು ನಾದಿನಿಯದು. ಅದನ್ನು ಕೇಳುವುದಕ್ಕಿಂತ ಮನೆಯಲ್ಲಿ ಕೂರುವುದು ಮೇಲು ಅನ್ನಿಸಿತು. ನಾನು ಅವರಿಬ್ಬರಿಗೂ ಏನೂ ಹೇಳಲಿಲ್ಲ. ತಟ್ಟೆ ತಗ್ಗಿನಲ್ಲಿ ಬಿದ್ದ ದಿನ ಗಾಳಿ ಎಂದೆ, ಮರುದಿನ ಶೂ ಜಾರಿತು ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಎಷ್ಟು ಹುಡುಗಿಯರಿಗೆ ಮೂದಲಿಸಿದ್ದೆನೋ, ಈಗ ನೆಲವನ್ನು ಬೈಯುವ ಸರದಿ ನನ್ನದಾಗಿತ್ತು. ಒಂದೇ ಭಯ. ಇವರಿಗೆ ತಿಳಿದರೆ ಮರ್ಯಾದೆಯಿಂದಲೇ ಬೆಂಚಿನ ಮೇಲೆ ಕೂರಿಸಿ, ಮೇಡಂ, ನೀವು ಪಾಯಿಂಟ್ ಬರೆದುಕೊಳ್ಳಿ ಎನ್ನುತ್ತಾರೆ. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ.

ಆಗ ನಡೆದದ್ದು ಗುಂಡುಕಲ್ಲಿನ ಪ್ರಸಂಗ. ಹೊಂಗೆಯ ಬುಡದಲ್ಲಿ ಬೇರುಗಳ ನಡುವೆ ಒಂದು ಪೊಟರೆ ಇತ್ತು. ತಟ್ಟೆ ಅದರೊಳಗೆ ನುಗ್ಗಿದರೆ ಮೇಷ್ಟ್ರು ಮಂಡಿಯೂರಿ ತೆಗೆಯಬೇಕು, ಎದ್ದೇಳಲು ಇಬ್ಬರು ಬೇಕು. ಸಂಕ್ರಾಂತಿಗೆ ಮನೆ ಗುಡಿಸುವಾಗ ನಮ್ಮತ್ತೆಯ ಕಾಲದ ಒರಳಿನ ಗುಂಡುಕಲ್ಲು ಕಣ್ಣಿಗೆ ಬಿತ್ತು. ಒರಳು ಎಂದೋ ಒಡೆದಿತ್ತು, ಗುಂಡು ಮೂಲೆಯಲ್ಲಿ ಬಿದ್ದಿತ್ತು. ಪೊಟರೆ ಮುಚ್ಚಲು ಇದೇ ಸರಿ ಎಂದು ಯಜಮಾನರ ಸ್ಕೂಟರಿನಲ್ಲಿ ಇಡಿಸಿಕೊಂಡು ಹೋಗಿ ಅಲ್ಲಿ ನೆಟ್ಟಗೆ ನಿಲ್ಲಿಸಿದೆವು. ಅದು ಎಲ್ಲಿಯ ಕಲ್ಲು ಎಂದು ನಾದಿನಿಗೆ ಹೇಳಲಿಲ್ಲ. ಹೇಳಿದ್ದರೆ ಅಮ್ಮನ ಕಲ್ಲು ಎಂದು ರಗಳೆ ತೆಗೆಯುತ್ತಿದ್ದಳು.

ಹಳದಿ ಪಟ್ಟಿ ಒಂದೂವರೆ ವರ್ಷದಿಂದ ಆ ಮರಕ್ಕಿತ್ತು, ಯಾರೂ ತಿರುಗಿ ನೋಡಿರಲಿಲ್ಲ. ಈಗ ಮರಕ್ಕೆ ಹಳದಿ ಬಟ್ಟೆ, ಬುಡದಲ್ಲಿ ನುಣ್ಣನೆಯ ಕರಿಕಲ್ಲು. ಬಸವನಗುಡಿಯಲ್ಲಿ ಇಷ್ಟು ಸಾಕು. ನಾಲ್ಕನೆಯ ದಿನ ಕಲ್ಲಿನ ಮೇಲೆ ಕುಂಕುಮ ಇತ್ತು. ವಾರ ಕಳೆಯುವಷ್ಟರಲ್ಲಿ ಕಣಗಿಲೆ ಹೂವು, ಎರಡು ಬಾಳೆಹಣ್ಣು, ಒಂದು ಮಣ್ಣಿನ ಹಣತೆ. ಮೂವತ್ತೊಂದು ವರ್ಷ ಮೈದಾನಕ್ಕೆ ಸುಣ್ಣದ ಗೆರೆ ಎಳೆದವಳು ನಾನು. ಎಲ್ಲಿ ಏನು ಇಟ್ಟರೆ ಜನ ಏನೆಂದುಕೊಳ್ಳುತ್ತಾರೆ ಎಂಬ ಬುದ್ಧಿ ಬೇಡವೇ ಎಂದು ನಾದಿನಿ ನಕ್ಕಳು.

ಪೂಜೆ ಮಾಡುತ್ತಿದ್ದವರು ಐವತ್ತೈದರ ಆಸುಪಾಸಿನ ಹೆಂಗಸು. ಬಿನ್ನಿಪೇಟೆಯಿಂದ ಬಂದು ಪಾರ್ಕಿನ ಗೇಟಿನ ಹತ್ತಿರ ಹೂ ಮಾರುತ್ತಿದ್ದರು. ವ್ಯಾಪಾರ ಕುದುರುವ ಮುಂಚೆ ಬಂದು ಮರಕ್ಕೆ ಒಂಬತ್ತು ಸುತ್ತು ಹಾಕುತ್ತಿದ್ದರು. ಅವರಿಗೆ ವಿಷಯ ಹೇಳಿಬಿಡೋಣ ಎಂದರು ಮೇಷ್ಟ್ರು. ನಾನೇ ಹೇಳುತ್ತೇನೆ ಎಂದು ಜವಾಬ್ದಾರಿ ತೆಗೆದುಕೊಂಡೆ. ನಿಜವಾಗಿ ಹೇಳಬೇಕೆಂದೇ ಹೋದೆ. ಅವರೇ ಕೈ ಮುಗಿದುಕೊಂಡು ಕೇಳಿದರು.

"ಇದು ಯಾವ ದೇವ್ರು ಅಂತ ಗೊತ್ತಾ ಟೀಚರಮ್ಮ?"

ನನ್ನ ಭುಜ ಆ ಹೊತ್ತಿಗೆ ಹಲ್ಲುನೋವಿನ ಹಾಗೆ ಮಿಡಿಯುತ್ತಿತ್ತು. ಬಂಡೆಯ ಹತ್ತಿರ ಇಬ್ಬರೂ ನನ್ನ ಎಸೆತಕ್ಕೆ ಕಾಯುತ್ತಿದ್ದರು. ಈ ಮರ ದೇವರಾದರೆ ಏಳನೇ ಮನೆ ಇಲ್ಲಿಂದ ಏಳಬೇಕಾಗುತ್ತದೆ ಎಂದು ಹೊಳೆದದ್ದು ಆಗಲೇ. "ನಂಗೂ ಗೊತ್ತಿಲ್ಲಮ್ಮ" ಎಂದೆ. ವಾಪಸು ಬಂದು ಇವರಿಗೆ ಇನ್ನೊಂದು ಹೇಳಿದೆ: ಪಾಪ, ಅವರಿಗೆ ಬಹಳ ನಂಬಿಕೆ, ಬಾಯಿ ಬರಲಿಲ್ಲ, ಕೈ ಮುಗಿಯುವ ಮರಕ್ಕೆ ತಟ್ಟೆ ಎಸೆಯುವುದು ಚೆನ್ನಾಗಿರಲ್ಲ. ಮೇಷ್ಟ್ರು ಒಪ್ಪಿದರು. ಏಳನೇ ಮನೆಯನ್ನು ತಗ್ಗಿನ ಈಚೆಯ ದೀಪದ ಕಂಬಕ್ಕೆ ತಂದೆವು. ಮೂವತ್ತೈದು ಹೆಜ್ಜೆ. ತೀರ್ಪು ಹೇಳುವವಳೇ ಗೆರೆ ಅಳಿಸಿದರೆ ಅದಕ್ಕೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಎನ್ನುತ್ತಾರೆ.

ಆ ಎರಡು ತಿಂಗಳು ನಾನು ಸುಖವಾಗಿದ್ದೆ ಎಂದರೆ ಸುಳ್ಳಲ್ಲ. ಮೂವತ್ತೈದು ಹೆಜ್ಜೆಗೆ ಭುಜ ತಡೆದುಕೊಳ್ಳುತ್ತಿತ್ತು. ಆದರೆ ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಹೂವಿನಮ್ಮ ದಿನಾ ನನ್ನನ್ನು ಕರೆದು ಒಂದು ಬಾಳೆಹಣ್ಣು ಪ್ರಸಾದ ಕೊಡುತ್ತಿದ್ದರು. ಸುತ್ತು ಹಾಕಲು ಶುರು ಮಾಡಿದ ಮೇಲೆ ಮಂಡಿ ನೋವು ಕಡಿಮೆಯಾಗಿದೆ ಎಂದು ಹೇಳುತ್ತಿದ್ದರು. ನಾನು ಹಣ್ಣನ್ನು ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದೆ. ತಿಂದ ಮೇಲೆ ನಾಚಿಕೆಯಾಗುತ್ತಿತ್ತು. ಮರುದಿನ ಮತ್ತೆ ತಿನ್ನುತ್ತಿದ್ದೆ.

ಯುಗಾದಿಗೆ ನಾಲ್ಕು ದಿನ ಇತ್ತು. ಹೊಂಗೆ ಎಲೆಯೆಲ್ಲ ಉದುರಿಸಿ ಹೊಸ ಚಿಗುರಿನಲ್ಲಿ ನಿಂತಿತ್ತು. ಹಬ್ಬಕ್ಕೆ ದೇವರ ಬಟ್ಟೆ ಒಗೆಯೋಣ ಎಂದು ಹೂವಿನಮ್ಮ ಹಳದಿ ಪಟ್ಟಿಯನ್ನು ಬಿಚ್ಚಿ ಮನೆಗೆ ಒಯ್ದಿದ್ದಾರೆ. ನೆನೆಸುವಾಗ ನೋಡಿದರೆ ಒಳಮಗ್ಗುಲಲ್ಲಿ ಕಪ್ಪು ಅಕ್ಷರದಲ್ಲಿ "ಹಳದಿ ತಂಡ" ಎಂದು ಅಚ್ಚು ಹಾಕಿದೆ. ಮಾರನೆಯ ಬೆಳಿಗ್ಗೆ ಅವರು ನನಗಿಂತ ಮುಂಚೆ ಬಂದಿದ್ದ ಮೇಷ್ಟ್ರನ್ನು ಕೇಳಿದರು. ಮೇಷ್ಟ್ರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಮೇಡಂ ಆವತ್ತೇ ಹೇಳಲು ಬಂದಿದ್ದರಲ್ಲ ಎಂದೂ ಸೇರಿಸಿದರು.

ನಾನು ಹೋದಾಗ ಮೂವರೂ ಮರದ ಹತ್ತಿರ ನಿಂತಿದ್ದರು. ಹೂವಿನಮ್ಮ ಒಗೆದು ಮಡಿಸಿದ ಪಟ್ಟಿಯನ್ನು ನನ್ನ ಕೈಗಿಟ್ಟರು.

"ಕೇಳಿದಾಗ್ಲೇ ಹೇಳಿದ್ರೆ ಆಗ್ತಿತ್ತಲ್ಲಾ ಟೀಚರಮ್ಮ. ನಾನೇನು ಬೇಜಾರು ಮಾಡ್ಕೊಳ್ತಿರ್ಲಿಲ್ಲ."

ಅವರ ದನಿಯಲ್ಲಿ ಕೋಪ ಇದ್ದಿದ್ದರೆ ನಾನೂ ಏನಾದರೂ ಜೋರು ಮಾಡಿ ತಪ್ಪಿಸಿಕೊಳ್ಳುತ್ತಿದ್ದೆ. ಇರಲಿಲ್ಲ. ತಪ್ಪಾಯಿತು ಎಂದೆ. ಕಲ್ಲೂ ದೇವರದಲ್ಲ, ನಮ್ಮತ್ತೆ ಹಿಟ್ಟು ರುಬ್ಬುತ್ತಿದ್ದ ಗುಂಡು ಎಂದೂ ಹೇಳಿಬಿಟ್ಟೆ. ಅವರು ಕಲ್ಲಿನ ಮೇಲಿನ ಹೂ ಸರಿಸಿ ನೋಡಿದರು. ನಾಲ್ಕು ಜನಕ್ಕೆ ಅನ್ನ ಹಾಕಿದ ಕಲ್ಲು ತಾನೇ, ಕೈ ಮುಗಿದದ್ದು ದಂಡವಾಗಲ್ಲ, ತನಗೇ ಕೊಟ್ಟರೆ ತುಳಸಿ ಕಟ್ಟೆಯ ಹತ್ತಿರ ಇಟ್ಟುಕೊಳ್ಳುತ್ತೇನೆ ಎಂದರು. ನಾನು ನಾದಿನಿಯ ಮುಖ ನೋಡಿದೆ. ಕಲ್ಲಿನ ತಲೆಯಲ್ಲಿ ಒಂದು ಚೂರು ಹೋಗಿರುವುದನ್ನು ನೋಡಿ ಮೊದಲ ದಿನವೇ ಅಮ್ಮನ ಕಲ್ಲು ಎಂದು ಗುರುತು ಹಿಡಿದಿದ್ದಳಂತೆ. ದಿನಾ ಅದಕ್ಕೆ ಹೂ ಬೀಳುತ್ತಿದ್ದುದನ್ನು ನೋಡಿ ಸುಮ್ಮನಿದ್ದಳಂತೆ. ಕೊಡಿ ಅತ್ತಿಗೆ ಎಂದಳು.

ದೇವರು ಹೀಗೆ ಎದ್ದುಹೋದ ಮೇಲೆ ಮೇಷ್ಟ್ರು ಹಿಗ್ಗಿನಿಂದ ಪಟ್ಟಿಯನ್ನು ಮತ್ತೆ ಮರಕ್ಕೆ ಕಟ್ಟಿದರು. ಏಳನೇ ಮನೆ ತನ್ನ ಜಾಗಕ್ಕೆ ವಾಪಸು ಬಂದಿತ್ತು. ಅವತ್ತಿನ ಆಟ ಶುರುವಾಯಿತು. ಆರು ಮನೆ ಹೇಗೆ ಆಡಿದೆನೋ ನೆನಪಿಲ್ಲ. ಏಳನೆಯದಕ್ಕೆ ಬಂದಾಗ ಹೂವಿನಮ್ಮ ಆಚೆ ಬೆಂಚಿನ ಮೇಲೆ ಕಲ್ಲನ್ನು ಪಕ್ಕದಲ್ಲಿಟ್ಟುಕೊಂಡು ನೋಡುತ್ತಾ ಕೂತಿದ್ದರು.

ಮೇಷ್ಟ್ರು ಎಸೆದರು, ಈಗ ಅವರದೂ ಒಂದೇ ಎಸೆತಕ್ಕೆ ತಗ್ಗಿನ ಆಚೆ ಏರಿನಲ್ಲಿ ಬಿತ್ತು. ನಾದಿನಿ ಎಸೆದಳು. ಒಂದೂವರೆ ವರ್ಷ ದೋಸೆ ಮಗುಚಿ ಮಗುಚಿ ಅವಳ ಕೈ ಪಳಗಿತ್ತು, ಅವಳದೂ ತಗ್ಗು ದಾಟಿತು. ನಾನು ನನ್ನ ಭಾರದ ಡಿಸ್ಕನ್ನೇ ಹಿಡಿದು ಹಳೆಯ ಹಾಗೆ ಪೂರ್ತಿ ತೋಳು ಬೀಸಿದೆ. ಭುಜದಲ್ಲಿ ಬೆಂಕಿ ಇಟ್ಟ ಹಾಗಾಯಿತು. ತಟ್ಟೆ ಮೂವತ್ತು ಹೆಜ್ಜೆ ಹೋಗಿ, ಓರೆಯಾಗಿ ಉರುಳಿ, ತಗ್ಗಿನ ತಳದಲ್ಲಿ ಮಲಗಿತು. ನನ್ನ ಕೈ ಕೆಳಗಿಳಿಯಲೂ ಇಲ್ಲ, ಮೇಲೇರಲೂ ಇಲ್ಲ. ಕಣ್ಣಲ್ಲಿ ನೀರು ಬಂತು. ಅವತ್ತು ಗಾಳಿಯೂ ಇರಲಿಲ್ಲ.

"ಆಗಲ್ಲ ನನ್ ಕೈಲಿ. ದೀಪಾವಳಿಯಿಂದ ಆಗ್ತಿಲ್ಲ. ಆ ಮರಾನ ತಪ್ಪಿಸ್ಬೇಕು ಅಂತಲೇ ಅವರಿಗೆ ಸುಳ್ಳು ಹೇಳ್ದೆ."

ಅವರಿಬ್ಬರಿಗೂ ಗೊತ್ತಿತ್ತು. ನಾನು ಎಡಗೈಯಲ್ಲಿ ಕಾಫಿ ಬಗ್ಗಿಸಲು ಶುರು ಮಾಡಿದಾಗಿನಿಂದ ಗೊತ್ತಿತ್ತು ಎಂದು ನಾದಿನಿ ಆಮೇಲೆ ಹೇಳಿದಳು. ನಾನಾಗಿಯೇ ಹೇಳಲಿ ಎಂದು ಕಾದಿದ್ದರಂತೆ. ಆಗ ನನಗೆ ಅದೊಂದೂ ತಿಳಿಯದು. ಇನ್ನು ಇವರು ಹೇಳುವ ಮೊದಲೇ ಹೋಗಿ ಕೂರುವುದು ವಾಸಿ ಎಂದು ಬೆಂಚಿನ ಕಡೆ ನಡೆದೆ. ನೀವಿಬ್ಬರೂ ಆಡಿ, ನಾನು ಬರೆದುಕೊಳ್ಳುತ್ತೇನೆ ಎಂದೆ. ಹೂವಿನಮ್ಮ ಸರಿದು ಜಾಗ ಬಿಟ್ಟರು. ಕೂತೆ.

ಅವರು ಆಡಲಿಲ್ಲ. ತಗ್ಗು ದಾಟಿ ಹೋಗಿ ತಮ್ಮ ತಮ್ಮ ತಟ್ಟೆಯ ಪಕ್ಕ ನಿಂತರು, ಅಷ್ಟೇ. ಮೇಷ್ಟ್ರು ಕೊಡೆ ಊರಿಕೊಂಡಿದ್ದರು. ನಾದಿನಿ ಕೈ ಕಟ್ಟಿಕೊಂಡಿದ್ದಳು. ಒಂದು ನಿಮಿಷ, ಎರಡು ನಿಮಿಷ. ವಾಕಿಂಗಿನವರು ಇವರೇಕೆ ಕಂಬದ ಹಾಗೆ ನಿಂತಿದ್ದಾರೆ ಎಂದು ನೋಡಿಕೊಂಡು ಹೋದರು. ನನಗೇ ತಡೆಯದೆ, ಯಾಕೆ ನಿಂತಿದ್ದೀರಿ, ಎಸೀರಿ ಎಂದು ಕೂಗಿದೆ. ಮೇಷ್ಟ್ರು ಪಾಠ ಒಪ್ಪಿಸುವವರ ಹಾಗೆ ನಿಧಾನವಾಗಿ ಹೇಳಿದರು.

"ಹೇಗೆ ಎಸೀಲಿ ಮೇಡಂ? ದೂರ ಇರೋರು ಮೊದಲು. ನೀವು ಎಸೆಯೋ ತನಕ ನಮಗೆ ಆಟ ಇಲ್ಲ."

ನಾದಿನಿ ತಗ್ಗಿಗೆ ಇಳಿದು ಬಂದು ತನ್ನ ಹಗುರ ಡಿಸ್ಕನ್ನು ನನ್ನ ತಟ್ಟೆ ಬಿದ್ದ ಜಾಗದಲ್ಲಿಟ್ಟು, ಭಾರದ್ದನ್ನು ಎತ್ತಿಕೊಂಡು ಹೋದಳು. ನಾನು ಎದ್ದೆ. ತಗ್ಗಿಗೆ ಇಳಿದೆ. ಡಾಕ್ಟರು ಹೇಳಿದ ಹಾಗೆ ಮೊಣಕೈ ಪಕ್ಕೆಗೆ ಅಂಟಿಸಿ, ನಿಂತಲ್ಲಿಂದಲೇ, ದೋಸೆ ಮಗುಚಿದೆ. ಹತ್ತು ಹೆಜ್ಜೆ ಹೋಯಿತು. ನೋಯಲಿಲ್ಲ. ಇನ್ನೂ ನಾನೇ ದೂರ ಇದ್ದೆ, ಮತ್ತೆ ನನ್ನದೇ ಸರದಿ. ಮತ್ತೆ ಎಸೆದೆ, ಮತ್ತೂ ನಾನೇ ದೂರ. ನಾಲ್ಕು ಸಲ ಒಂದೇ ಸಮನೆ ನಾನೇ ಎಸೆದೆ. ಅವರಿಬ್ಬರೂ ಅಷ್ಟು ಹೊತ್ತೂ ಕೈ ಎತ್ತದೆ ನನಗಾಗಿ ಕಾದರು. ನಾನು ಅವರ ಸಾಲಿಗೆ ಬಂದ ಮೇಲೆ ಮೂವರೂ ಮರಕ್ಕೆ ಎಸೆದು ಎಂಟನೇ ಮನೆಗೆ ಹೊರಟೆವು. ಹೂವಿನಮ್ಮ ತಮ್ಮ ಒಂಬತ್ತು ಸುತ್ತಿಗೆ ಎದ್ದರು. ಕಲ್ಲಿರಲಿ ಬಿಡಲಿ, ಮಂಡಿಗೆ ಒಳ್ಳೆಯದು ಎಂದು ಇವತ್ತಿಗೂ ಹಾಕುತ್ತಾರೆ.

ಈಗ ನನಗೂ ಒಂದು ಹಗುರ ಡಿಸ್ಕ್ ಇದೆ. ಹೆಚ್ಚುಕಡಿಮೆ ದಿನಾ ನಾನೇ ಸೋಲುತ್ತೇನೆ, ಆದ್ದರಿಂದ ಎಲ್ಲರಿಗಿಂತ ಹೆಚ್ಚು ಆಡುವವಳೂ ನಾನೇ. ಭುಜ ಪರವಾಗಿಲ್ಲ, ನಿದ್ದೆ ಚೆನ್ನಾಗಿ ಬರುತ್ತದೆ. ಏಳನೇ ಮನೆಯಲ್ಲಿ ಅವರಿಬ್ಬರು ನಿಂತು ಕಾಯುವಾಗ ಮಾತ್ರ ಕೆಲವೊಮ್ಮೆ ಬೇವಿನ ಮರದ ಕೆಳಗೆ ಕೂತು ಪಾಯಿಂಟ್ ಬರೆಯುತ್ತಿದ್ದ ಹುಡುಗಿಯರು ನೆನಪಾಗುತ್ತಾರೆ. ಎಷ್ಟು ನೀಟಾಗಿ ಬರೆಯುತ್ತಿದ್ದರು. ಅವರ ಸರದಿಗೆ ಅಂತ ಒಂದು ದಿನವೂ ನಾನು ಆಟ ನಿಲ್ಲಿಸಿ ಕಾಯಲಿಲ್ಲ.